ಪಹಣಿಯಲ್ಲಿಲ್ಲದ ಹೆಸರು

ಚಿಗಟೇರಿ ಎಂದೊಡನೆ ದಾವಣಗೆರೆಯವರಿಗೆ ನೆನಪಾಗುವುದು ತಮ್ಮ ನಗರದ ಜಿಲ್ಲಾ ಆಸ್ಪತ್ರೆ. ಆ ಆಸ್ಪತ್ರೆಗೆ ಆ ಹೆಸರಿರುವುದರಿಂದ ದಿನವೂ ನೂರಾರು ಜನರ ಬಾಯಲ್ಲಿ ಅದು ಸುಳಿಯುತ್ತದೆ. ಆದರೆ ಚಿಗಟೇರಿ ಎಂಬುದೊಂದು ಊರು, ಹರಪನಹಳ್ಳಿ ತಾಲ್ಲೂಕಿನ ಹೋಬಳಿಯೊಂದರ ಕೇಂದ್ರ, ಅದರ ಸುತ್ತ ಕಣ್ಣು ಹಾಯುವವರೆಗೂ ಹೊಲಗಳಿವೆ ಎಂಬುದು ಆ ಹೆಸರನ್ನು ಉಚ್ಚರಿಸುವವರಿಗೆ ಹೊಳೆಯುವುದು ಅಪರೂಪ. ಇನ್ನೊಂದಿಷ್ಟು ಜನ ಈ ಊರನ್ನು ಬಲ್ಲುದು ನಾರದಮುನಿಯ ದೇವಾಲಯದ ಮೂಲಕ. ನಾರದನಿಗೆ ಗುಡಿ ಕಟ್ಟಿ ಜಾತ್ರೆ ನಡೆಸುವ ಊರುಗಳು ನಾಡಿನಲ್ಲಿ ವಿರಳ.

ಜೈನಪುರಾಣಗಳನ್ನು ಓದಿದವನಿಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ನಮ್ಮ ಪುರಾಣಗಳು ಒಬ್ಬ ನಾರದನನ್ನಲ್ಲ, ಒಂಬತ್ತು ಮಂದಿ ನಾರದರನ್ನು ಹೇಳುತ್ತವೆ; ಬಲದೇವ ವಾಸುದೇವರ ಒಂದೊಂದು ಜೋಡಿಯ ಕಾಲಕ್ಕೂ ಒಬ್ಬೊಬ್ಬ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ಸೀತೆಯನ್ನು ನೋಡಲು ಹೋಗಿ, ಅವಮಾನಿತನಾಗಿ, ಅವಳ ಚಿತ್ರವನ್ನು ಬರೆದು ಪ್ರಭಾಮಂಡಲನಿಗೆ ತೋರಿಸಿ ಕಥೆಯ ಗತಿಯನ್ನೇ ತಿರುಗಿಸುವವನು ಅವರಲ್ಲೊಬ್ಬ. ಕಾವ್ಯಗಳಲ್ಲಿ ಎಲ್ಲಿಯೂ ನಿಲ್ಲದೆ ಅಲೆಯುವ ಈ ಮುನಿ ಚಿಗಟೇರಿಯಲ್ಲಿ ನೆಲೆಯೂರಿ ಒಕ್ಕಲು ಮಕ್ಕಳ ದೈವವಾಗಿದ್ದಾನೆ. ಇದು ಹೇಗಾಯಿತೆಂಬುದು ಬೇರೊಂದು ಬರಹಕ್ಕೆ ತಕ್ಕ ವಿಷಯ. ಇಲ್ಲಿ ನಾನು ಬರೆಯಹೊರಟಿರುವುದು ಗುಡಿಯನ್ನು ಕುರಿತಲ್ಲ, ಅದರ ಸುತ್ತಲಿನ ಹೊಲಗಳನ್ನು ಕುರಿತು. ಇನ್ನೂ ನಿಖರವಾಗಿ ಹೇಳುವುದಾದರೆ, ಆ ಹೊಲಗಳ ಹೆಸರುಗಳನ್ನು ಕುರಿತು. ಈ ಹೆಸರುಗಳು ನಮ್ಮ ಕಣ್ಣೆದುರಿಗೇ ಅಳಿಯುತ್ತಿವೆ. ಅವುಗಳನ್ನು ಸರ್ಕಾರದ ಪಹಣಿಯಲ್ಲಿ ದಾಖಲಿಸಬೇಕೆಂಬುದು ನನ್ನ ವಾದ.

ಈ ಸೀಮೆಯ ಆಡಳಿತದ ವಿಳಾಸ ಬದಲಾದಷ್ಟು ಸಲ ಬೇರೆ ಯಾವ ಸೀಮೆಯದೂ ಬದಲಾಗಿರಲಾರದು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲದೊಂದಿಗೆ ಇದು ಕಂಪನಿಯ ಕೈಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಹರಪನಹಳ್ಳಿಯೂ ಅವುಗಳೊಂದಿಗೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ತಾಲ್ಲೂಕು ಅದರ ಪಾಲಾಯಿತು. ಸಂವಿಧಾನದ 371ಜೆ ವಿಧಿಯ ಸೌಲಭ್ಯಗಳ ಪ್ರಶ್ನೆ ಎದ್ದಾಗ ಜನ ಹೋರಾಡಿದರು. 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. ಎಪ್ಪತ್ತು ದಾಟಿದ ಇಲ್ಲಿನ ರೈತನೊಬ್ಬ ಮನೆ ಬದಲಿಸದೆಯೇ ಎರಡು ರಾಜ್ಯ, ಮೂರು ಜಿಲ್ಲೆಗಳ ನಿವಾಸಿಯಾಗಿದ್ದಾನೆ. ಇಷ್ಟೆಲ್ಲ ಪಲ್ಲಟಗಳ ನಡುವೆ ಬದಲಾಗದೆ ಉಳಿದ ವಿಳಾಸ ಒಂದೇ, ಅವನ ಹೊಲದ ಹೆಸರು.

ಹೊಲಕ್ಕೂ ಹೆಸರಿರುತ್ತದೆಯೇ ಎಂದು ನಗರದ ಓದುಗರು ಕೇಳಬಹುದು. ಇರುತ್ತದೆ. ಎರೆಮಣ್ಣಿನ ಹೊಲ, ಕೆಂಪು ಮಸಾರಿಯ ಹೊಲ ಎಂಬ ಮೊದಲ ವಿಂಗಡಣೆಯ ಕೆಳಗೆ ಒಂದೊಂದು ಊರಿನಲ್ಲೂ ಹತ್ತಾರು, ಕೆಲವೊಮ್ಮೆ ನೂರಾರು ಹೆಸರುಗಳು. ಗುಡಿಹೊಲ, ಹುಣಸೆಮರದ ಹೊಲ, ಕೆರೆ ಹಿಂದಿನ ಹೊಲ, ಜಾಲಿಹೊಲ, ಸುಣ್ಣಕಲ್ಲಿನ ಹೊಲ, ಮಾನ್ಯದ ಹೊಲ, ತಳವಾರರ ಹೊಲ, ಗೋರಿಹೊಲ. ಹುಣಸೆಮರ ಬಿದ್ದು ಮೂರು ತಲೆಮಾರು ಕಳೆದಿರುತ್ತದೆ, ಹೆಸರು ನಿಂತಿರುತ್ತದೆ. ತಳವಾರಿಕೆ ಎಂಬ ಪದ್ಧತಿಯೇ ಹೋಗಿದೆ, ಆದರೆ ಆ ಸೇವೆಗೆಂದು ಯಾವ ನೆಲವನ್ನು ಬಿಟ್ಟಿದ್ದರೆಂಬುದು ಹೆಸರಿನಲ್ಲಿ ಉಳಿದಿದೆ. ಜವಳು ಹೊಲವೆಂದರೆ ನೀರು ಬಸಿಯದ ನೆಲವೆಂದೂ, ಸುಣ್ಣಕಲ್ಲಿನ ಹೊಲವೆಂದರೆ ಅಲ್ಲಿ ಕೂರಿಗೆ ಹೂಡುವ ಮುನ್ನ ಯೋಚಿಸಬೇಕೆಂದೂ ಹೊಸದಾಗಿ ಸೊಸೆಯಾಗಿ ಬಂದವಳಿಗೂ ತಿಳಿಯುತ್ತಿತ್ತು. ವಿಸ್ತೀರ್ಣವನ್ನು ಕೇಳಿದರೆ ಇಂದಿಗೂ ಕೆಲವು ಹಿರಿಯರು ಎಕರೆ ಹೇಳುವುದಿಲ್ಲ, ಇಷ್ಟು ಕೂರಿಗೆ ಹೊಲ ಎನ್ನುತ್ತಾರೆ. ಬಿತ್ತುವ ಸಾಧನವೇ ಅಳತೆಯೂ ಆದ ಈ ರೂಢಿಗೆ ಬಲು ಹಳೆಯ ಬೇರುಗಳಿವೆ.

ಊರುಗಳ ಹೆಸರೂ ಅಷ್ಟೆ. ಅರಸೀಕೆರೆ, ಕಂಚಿಕೆರೆ, ಹಿರೇಮೇಗಳಗೆರೆ; ಈ ತಾಲ್ಲೂಕಿನಲ್ಲಿ ಊರು ಮೊದಲಲ್ಲ, ಕೆರೆ ಮೊದಲು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚಿಗಟೇರಿ ಎಂಬಲ್ಲಿಯೂ ಕೊನೆಯ ಭಾಗವನ್ನು ಕೇಳಿದ ಕಿವಿಗೆ ಕೆರೆಯ ಏರಿ ನೆನಪಾಗುವುದು ಸಹಜ. ಆದರೆ ಶಾಸನದ ಹಳೆಯ ರೂಪವನ್ನು ಮುಂದಿಟ್ಟುಕೊಳ್ಳದೆ ಊರ ಹೆಸರಿಗೆ ಅರ್ಥ ಕಟ್ಟುವ ಚಪಲ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ಅದಕ್ಕೆ ನಾನೂ ಒಂದನ್ನು ಸೇರಿಸಲಾರೆ.

ಈ ಸೀಮೆ ಇತಿಹಾಸಕಾರರಿಗೆ ಅಪರಿಚಿತವೇನಲ್ಲ. ಬಾಗಳಿಯ ಕಲ್ಲೇಶ್ವರ ದೇವಾಲಯ, ನೀಲಗುಂದದ ಭೀಮೇಶ್ವರ, ಉಚ್ಚಂಗಿದುರ್ಗದ ಕೋಟೆ, ತುಸು ದೂರದಲ್ಲಿ ಕುರುವತ್ತಿ, ಹಿರೇಹಡಗಲಿ, ಮಾಗಳ; ಇವೆಲ್ಲ ಚಾಲುಕ್ಯ ಶಿಲ್ಪದ ಅಭ್ಯಾಸಿಗಳಿಗೆ ತೀರ್ಥಕ್ಷೇತ್ರಗಳಿದ್ದಂತೆ. ನೊಳಂಬವಾಡಿ ಮೂವತ್ತಿರ್ಛಾಸಿರದ ಈ ಭಾಗದ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾಯರು ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗ 1939ರಷ್ಟು ಹಿಂದೆಯೇ ಒಟ್ಟುಗೂಡಿಸಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನಗಳಿಗೆ ಪ್ರತ್ಯೇಕ ಸಂಪುಟವನ್ನು ತಂದಿತು. ಸಾಮಗ್ರಿ ಇದೆ. ಅದನ್ನು ನಾವು ಓದುವ ಬಗೆಯಲ್ಲಿ ಕೊರತೆಯಿದೆ.

ಸಾಮಾನ್ಯವಾದ ಒಂದು ದಾನಶಾಸನವನ್ನು ತೆಗೆದುಕೊಳ್ಳಿ. ಮೊದಲು ಅರಸನ ಬಿರುದುಗಳು, ಅವನ ಸಾಮಂತನ ಬಿರುದುಗಳು, ವಂಶ, ಪರಾಕ್ರಮ. ಬಳಿಕ ಶಕವರ್ಷ, ಸಂವತ್ಸರ, ತಿಥಿ, ವಾರ, ಸಂಕ್ರಾಂತಿಯೋ ಗ್ರಹಣವೋ ಆದ ಪುಣ್ಯಕಾಲ. ದಾನ ಪಡೆದ ಆಚಾರ್ಯನ ಗುರುಪರಂಪರೆ. ಇಷ್ಟನ್ನು ವಿದ್ವಾಂಸರು ಅಕ್ಷರ ಅಕ್ಷರವಾಗಿ ಚರ್ಚಿಸುತ್ತಾರೆ. ಆ ಮೇಲೆ ಬರುವುದು ನೆಲದ ಭಾಗ. ಊರ ಯಾವ ದಿಕ್ಕಿನಲ್ಲಿ, ಯಾವ ಕೆರೆಯ ಕೆಳಗೆ, ಯಾವ ಹಳ್ಳದ ಪಡುವಲು; ಎರೆಯೋ, ಬೆದ್ದಲೆಯೋ, ಗರ್ದೆಯೋ; ಯಾವ ಗಳೆಯಲ್ಲಿ ಅಳೆದ ಎಷ್ಟು ಮತ್ತರು, ಎಷ್ಟು ಕಮ್ಮ; ಪೂದೋಂಟಕ್ಕೆ ಎಷ್ಟು, ದೀವಿಗೆಯೆಣ್ಣೆಗೆ ಗಾಣವೆಷ್ಟು. ನಂತರ ಎಲ್ಲೆಗಳು: ಮೂಡಲು ಇಂಥ ಹುಣಸೆ, ತೆಂಕಲು ಹುತ್ತ, ಪಡುವಲು ಹೆದ್ದಾರಿ, ಬಡಗಲು ನಟ್ಟ ಕಲ್ಲು. ಶಾಸನದ ಸಾರಾಂಶ ಬರೆಯುವಾಗ ನಾವು ಈ ಭಾಗಕ್ಕೆ ಕೊಡುವುದು ಒಂದೇ ವಾಕ್ಯ, 'ಭೂದಾನ ಮಾಡಿದ ಉಲ್ಲೇಖವಿದೆ' ಎಂದು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ತಮ್ಮ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಅರಸರಾಚೆಯ ಬದುಕನ್ನು ಶಾಸನಗಳಿಂದ ಹೇಗೆ ತೆಗೆಯಬಹುದೆಂದು ತೋರಿಸಿದರು. ಆ ದಾರಿಯಲ್ಲಿ ನಡೆದವರಿದ್ದಾರೆ, ಇಲ್ಲವೆನ್ನಲಾರೆ. ಆದರೆ ಎಲ್ಲೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೊಲಕ್ಕೆ ಇಳಿದವರು ಕಡಿಮೆ.

ಬರೆಸಿದವನಿಗೆ ಮುಖ್ಯವಾಗಿದ್ದುದು ಯಾವ ಭಾಗ? ಬಿರುದಾವಳಿಯನ್ನು ಲಿಪಿಕಾರ ಅಭ್ಯಾಸಬಲದಿಂದ ಬರೆಯಬಲ್ಲ. ಹತ್ತು ಶಾಸನಗಳಲ್ಲಿ ಅದೇ ಬಿರುದುಗಳು ಮರುಕಳಿಸುತ್ತವೆ. ಹೊಲದ ಎಲ್ಲೆ ಮಾತ್ರ ಎರಡನೆಯ ಶಾಸನದಲ್ಲಿ ಸಿಗದು. ಆ ನೆಲವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುವನೆಂಬ ಶಾಪವನ್ನು ಹಾಕಿದ್ದು ಆ ಎಲ್ಲೆಯ ರಕ್ಷಣೆಗಾಗಿ, ಬಿರುದುಗಳ ರಕ್ಷಣೆಗಾಗಿ ಅಲ್ಲ. ಕಲ್ಲು ನೆಟ್ಟಿದ್ದೇ ಅದಕ್ಕಾಗಿ.

ಈ ದೋಷದಲ್ಲಿ ಜೈನ ಇತಿಹಾಸ ಬರೆಯುವ ನಮ್ಮ ಪಾಲೂ ಇದೆ. ಉಚ್ಚಂಗಿ ಎಂದೊಡನೆ ನಮಗೆ ನೆನಪಾಗುವುದು ಗಂಗ ಮಾರಸಿಂಹ ನೊಳಂಬರನ್ನು ಮುರಿದು ನೊಳಂಬಕುಲಾಂತಕನಾದದ್ದು, ಚಾವುಂಡರಾಯನು ಉಚ್ಚಂಗಿಯ ಕೋಟೆಯ ಕಾಳಗದಿಂದ ರಣರಂಗಸಿಂಗನೆನಿಸಿದ್ದು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನ ಬಿರುದೊಂದು ಈ ಬೆಟ್ಟದ ನೆತ್ತರಿನಿಂದ ಬಂದಿದೆಯೆಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕೋಟೆಯ ಬುಡದಲ್ಲಿ ಸೈನ್ಯದ ಕುದುರೆಗಳು ತುಳಿದ ಜೋಳ ಯಾರದೆಂದು ಕೇಳುವುದಿಲ್ಲ. ವಿಚಿತ್ರವೆಂದರೆ ನಮ್ಮ ಪರಂಪರೆಗೆ ಕೃಷಿ ಅನ್ಯವಲ್ಲ. ಕಲ್ಪವೃಕ್ಷಗಳು ಮರೆಯಾದ ಮೇಲೆ ಪ್ರಜೆಗಳಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದವನು ಆದಿದೇವನೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಅವನ ಲಾಂಛನವೇ ವೃಷಭ. ಬೆಳಗಾವಿ ಸೀಮೆಯ ಚತುರ್ಥ ಜೈನರು ಇಂದಿಗೂ ನೇಗಿಲು ಹಿಡಿದವರೇ. ಆದರೂ ನಮ್ಮ ಇತಿಹಾಸಗ್ರಂಥಗಳಲ್ಲಿ ಅಸಿಗೂ ಮಷಿಗೂ ವಾಣಿಜ್ಯಕ್ಕೂ ಅಧ್ಯಾಯಗಳಿವೆ, ಕೃಷಿಗಿಲ್ಲ.

ಕೋಗಳಿಯನ್ನು ನೋಡಿ. ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಒಂದು ಕಾಲಕ್ಕೆ ಕೋಗಳಿ ಐನೂರು ಎಂಬ ನಾಡಿನ ತಲೆಯೂರು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ 1055ರ ಅಲ್ಲಿನ ಶಾಸನ ಇಂದ್ರಕೀರ್ತಿ ಮುನಿಯನ್ನು ಹೆಸರಿಸುತ್ತದೆ, ಅಲ್ಲಿನ ಬಸದಿಯನ್ನು ಗಂಗ ದುರ್ವಿನೀತ ಮಾಡಿಸಿದ್ದೆನ್ನುತ್ತದೆ. ದುರ್ವಿನೀತ ಆರನೆಯ ಶತಮಾನದವನು. ಐದು ನೂರು ವರ್ಷಗಳ ಬಳಿಕ ಬರೆದ ಈ ಮಾತನ್ನು ಎಷ್ಟು ನಂಬಬೇಕು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ನನ್ನ ಕುತೂಹಲ ಬೇರೆ. ದುರ್ವಿನೀತನು ಕಟ್ಟಿಸಿದನೋ ಇಲ್ಲವೋ, ಆ ಬಸದಿ ಹನ್ನೊಂದನೆಯ ಶತಮಾನದಲ್ಲಿ ನಡೆಯುತ್ತಿತ್ತು. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ರಾಮನಾಥನ ಕಾಲದಲ್ಲಿಯೂ ಅಲ್ಲಿನ ಚೆನ್ನಪಾರ್ಶ್ವನಿಗೆ ದಾನಗಳು ಬರುತ್ತಿದ್ದವು. ಅಷ್ಟು ಶತಮಾನಗಳ ಕಾಲ ಒಂದು ಬಸದಿಯ ದೀಪ ಉರಿಯಬೇಕಾದರೆ ಯಾರೋ ಒಬ್ಬ ಒಕ್ಕಲಿಗ ಪ್ರತಿ ವರ್ಷ ಎಳ್ಳು ಬಿತ್ತಿರಬೇಕು, ಯಾರೋ ಗಾಣ ತಿರುಗಿಸಿರಬೇಕು. ಅವನ ಹೆಸರನ್ನು ಯಾವ ಶಾಸನವೂ ಕೊಡದು. ಅವನು ಬಿತ್ತಿದ ಹೊಲ ಮಾತ್ರ ಇನ್ನೂ ಅಲ್ಲಿಯೇ ಇದೆ. ಈಗ ಅದರಲ್ಲಿ ಬಹುಶಃ ಮೆಕ್ಕೆಜೋಳವಿದೆ.

ಆ ಹೊಲ ಯಾವುದೆಂದು ಗುರುತಿಸಲು ಸಾಧ್ಯವೇ? ಕಳೆದ ತಲೆಮಾರಿನವರೆಗೆ ಸಾಧ್ಯವಿತ್ತು ಎಂಬುದು ನನ್ನ ನಂಬಿಕೆ. ಜಿನಾಲಯದ ನೆಲಕ್ಕೆ ಮುಕ್ಕೊಡೆಯ ಕಲ್ಲು, ಶಿವಾಲಯದ ನೆಲಕ್ಕೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನ ನೆಲಕ್ಕೆ ವಾಮನಮುದ್ರೆಯ ಕಲ್ಲು ನೆಡುವ ರೂಢಿ ನಾಡಿನಲ್ಲೆಲ್ಲ ಇತ್ತು. ಕಲ್ಲು ಹೋದರೂ ಹೆಸರು ಉಳಿಯುತ್ತದೆ. ಬಸದಿ ಬಿದ್ದು, ಊರಿನಲ್ಲಿ ಒಂದೂ ಜೈನ ಮನೆ ಇಲ್ಲದಿದ್ದರೂ ಬಸ್ತಿಹೊಲ ಎಂಬ ಮಾತನ್ನು ಅದರ ಅರ್ಥದ ಗೊಡವೆಯಿಲ್ಲದೆ ಆಡುವ ರೈತರು ಕರ್ನಾಟಕದ ಅನೇಕ ಕಡೆ ಸಿಗುತ್ತಾರೆ. ಶಾಸನದ ಎಲ್ಲೆಗೂ ಇಂದಿನ ನೆಲಕ್ಕೂ ಉಳಿದಿರುವ ಕೊನೆಯ ಕೊಂಡಿ ಈ ಹೆಸರೇ.

ಕೊಂಡಿ ಸಡಿಲವಾದದ್ದು ಒಮ್ಮೆಗೇ ಅಲ್ಲ. ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ 1800ರಿಂದ 1807ರವರೆಗೆ ಇದ್ದ ಥಾಮಸ್ ಮನ್ರೋ ಪಾಳೆಯಗಾರರನ್ನು ಬದಿಗೊತ್ತಿ, ಹೊಲ ಹೊಲವನ್ನೂ ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಪಡಿಸುವ ರೈತವಾರಿ ಪದ್ಧತಿಯನ್ನು ಇಲ್ಲಿ ಬೆಳೆಸಿದ. ಹರಪನಹಳ್ಳಿಯ ಒಣಹೊಲಗಳಲ್ಲಿ ಪ್ರಯೋಗಗೊಂಡ ಪದ್ಧತಿ ಮುಂದೆ ಮದರಾಸು ಪ್ರಾಂತದ ಬಹುಭಾಗಕ್ಕೆ ಹಬ್ಬಿತು. ಹೊಲವನ್ನು ಅಂಕಿಯಿಂದ ಗುರುತಿಸುವ ಅಭ್ಯಾಸ ಈ ಅಳತೆಗಳಿಂದ ಗಟ್ಟಿಯಾಯಿತು. ಬಳಿಕ ಧಾತು ಸಂವತ್ಸರದ ಬರ ಬಂತು. 1876ರಿಂದ 1878ರವರೆಗಿನ ಆ ಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲಿ ತೀರ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಹಗೇವುಗಳು ಬರಿದಾದವು, ಊರುಗಳು ಖಾಲಿಯಾದವು. ಹೊಲದ ಹೆಸರು ಬಲ್ಲ ಎಷ್ಟು ಮನೆತನಗಳು ಆ ಎರಡು ವರ್ಷಗಳಲ್ಲಿ ನಿರ್ನಾಮವಾದವೋ! ಸ್ವಾತಂತ್ರ್ಯಾನಂತರ ಇನಾಮು ರದ್ದತಿಯಾಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರ ಒಡೆಯನಾದ. ಮಠ ಮಂದಿರಗಳ ನೆಲ ಉಳುವವನಿಗೆ ಸೇರಿದ್ದು ನ್ಯಾಯವೇ ಎಂದು ನಾನು ತಿಳಿದಿದ್ದೇನೆ. ಆ ಘಟ್ಟದಲ್ಲಿ ಹೆಸರು ಅಳಿಯಲೂ ಇಲ್ಲ; ಉಳುತ್ತಿದ್ದವನೇ ಒಡೆಯನಾದುದರಿಂದ ಅವನೊಡನೆ ಉಳಿಯಿತು.

ನಿಜವಾದ ಅಳಿವು ಈಗಿನದು. ಪಹಣಿ ಗಣಕೀಕೃತವಾಗಿ ಎರಡು ದಶಕಗಳಾದವು. ರೈತನಿಗೆ ಅದರಿಂದ ಉಪಕಾರವಾಗಿದೆ. ಲೆಕ್ಕಿಗರ ಮನೆಬಾಗಿಲು ಕಾಯುವ ಸಂಕಟ ತಪ್ಪಿದೆ. ಆದರೆ ಪಹಣಿಯಲ್ಲಿ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಮಣ್ಣಿನ ನಮೂನೆ, ನೀರಾವರಿಯ ಮೂಲ, ಮಾಲೀಕ, ಬೆಳೆ, ಸಾಲದ ಋಣ ಎಲ್ಲಕ್ಕೂ ಅಂಕಣವಿದೆ, ಹೊಲದ ಹೆಸರಿಗಿಲ್ಲ. ಬ್ಯಾಂಕಿಗೆ, ಬೆಳೆವಿಮೆಗೆ, ಸಹಾಯಧನಕ್ಕೆ ಎಲ್ಲೆಲ್ಲೂ ನಂಬರೇ ನಡೆಯುವುದರಿಂದ ಇಪ್ಪತ್ತೈದರ ಹುಡುಗನ ಬಾಯಲ್ಲಿಯೂ ನಂಬರೇ ಬರುತ್ತದೆ. ಕಡಿಮೆ ಆಳು, ಖಚಿತ ಮಾರುಕಟ್ಟೆ ಎಂದು ಈ ಸೀಮೆಯನ್ನು ಆವರಿಸಿದ ಮೆಕ್ಕೆಜೋಳ ಹೊಲಗಳ ಮುಖವನ್ನೂ ಒಂದೇ ಮಾಡಿದೆ. ಜೋಳದ ಸಾಲಿನ ನಡುವೆ ತೊಗರಿ, ಅವರೆ, ಅಂಚಿಗೆ ಪುಂಡಿ, ಎಳ್ಳು ಎಂದು ಅಕ್ಕಡಿ ಹಾಕುತ್ತಿದ್ದಾಗ ಯಾವ ಹೊಲಕ್ಕೆ ಯಾವುದು ಒಗ್ಗುವುದೆಂದು ಹೆಸರಿನಿಂದಲೇ ತಿಳಿಯಬೇಕಾಗಿತ್ತು. ಈಗ ಗೊಬ್ಬರದ ಚೀಲ ಎಲ್ಲ ಹೊಲಕ್ಕೂ ಒಂದೇ. ರೈತನನ್ನು ನಾನು ದೂರುವುದಿಲ್ಲ. ಮಳೆ ಕೈಕೊಟ್ಟರೂ ಒಂದಿಷ್ಟು ಕೈಗೆ ಬರುವ ಬೆಳೆಯನ್ನು ಅವನು ಆರಿಸಿಕೊಂಡಿದ್ದಾನೆ. ದೂರದಲ್ಲಿ ಕುಳಿತು ಅವನಿಗೆ ನವಣೆಯ ಮಹಿಮೆಯನ್ನು ಬೋಧಿಸುವುದು ಸುಲಭ.

ಇದಕ್ಕೂ ಮಿಗಿಲಾದ ಇನ್ನೊಂದು ಬದಲಾವಣೆಯಿದೆ. 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು. ಇದರ ಆರ್ಥಿಕ ಒಳಿತು ಕೆಡಕುಗಳನ್ನು ಬಲ್ಲವರು ವಾದಿಸಲಿ. ನನಗೆ ಕಾಣುವುದು ಇಷ್ಟು: ನೆಲ ಮೊದಲೂ ಕೈ ಬದಲಿಸುತ್ತಿತ್ತು, ಆದರೆ ಕೊಂಡವನು ಪಕ್ಕದ ಹೊಲದವನೋ ಪಕ್ಕದ ಊರಿನವನೋ ಆಗಿರುತ್ತಿದ್ದ, ಹೆಸರೂ ನೆಲದೊಡನೆ ಅವನಿಗೆ ದಾಟುತ್ತಿತ್ತು. ಬೆಂಗಳೂರಿನಲ್ಲಿ ಕುಳಿತು ಕೊಳ್ಳುವವನಿಗೆ ದಾಟುವುದು ಕಾಗದ ಮಾತ್ರ. ಅವನು ಮೊದಲು ಮಾಡುವ ಕೆಲಸ ಬದು ಕಿತ್ತು, ನೆಲ ಮಟ್ಟಮಾಡಿ, ತಂತಿಬೇಲಿ ಎಳೆಯುವುದು.

ಕೆಲವು ವರ್ಷಗಳ ಹಿಂದೆ ಈ ಭಾಗದ ಹಳ್ಳಿಯೊಂದರಲ್ಲಿ ಶಾಸನದ ಕಲ್ಲೊಂದನ್ನು ಹುಡುಕುತ್ತ ಹೋಗಿದ್ದೆ. ಊರ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಹಿರಿಯರೊಬ್ಬರು ಹೊಲದ ಮೂಲೆಗೆ ಕರೆದೊಯ್ದರು. ಜೆಸಿಬಿ ಬದುವನ್ನು ಕಿತ್ತು ರಾಶಿ ಹಾಕಿದ ಕಲ್ಲುಗಳಲ್ಲಿ ಒಂದು ಚಪ್ಪಡಿ, ಮೇಲ್ಭಾಗ ಮುರಿದದ್ದು, ನಾಲ್ಕೈದು ಸಾಲಿನ ಗುರುತು, ಓದಲು ಬಾರದಷ್ಟು ಸವೆದದ್ದು. ಇದು ಮೊದಲು ಎಲ್ಲಿತ್ತು ಎಂದು ಕೇಳಿದೆ. "ಇಲ್ಲೇ ಎಲ್ಲೋ ಬದುವಿನಾಗಿತ್ತು ಸ್ವಾಮಿ. ಎಲ್ಲಿ ಅಂತ ಈಗ ಹೆಂಗ ಹೇಳಲಿ? ಬದುನೇ ಇಲ್ಲ" ಎಂದರು. ಹೊಲದ ಹೆಸರೇನೆಂದು ಕೇಳಿದೆ. ಅವರು ಬಾಯಿ ತೆರೆಯುವ ಮುನ್ನ ಮೊಮ್ಮಗ ಸರ್ವೆ ನಂಬರು ಹೇಳಿದ. ಮುದುಕರು ನಕ್ಕು, "ಅದು ಕಾಗದದ್ದು, ಇದಕ್ಕ ಬ್ಯಾರೆ ಹೆಸರೈತಿ" ಎಂದು ಹೆಸರು ಹೇಳಿದರು. ಹುಡುಗ ಆ ಹೆಸರನ್ನು ಕೇಳುತ್ತಿದ್ದುದು ಅದೇ ಮೊದಲ ಸಲ ಎಂಬುದು ಅವನ ಮುಖದಿಂದ ತಿಳಿಯಿತು. ಸವೆದ ಶಾಸನಕ್ಕಿಂತ ಆ ಮುಖ ನನ್ನನ್ನು ಹೆಚ್ಚು ಕಲಕಿತು.

ಹಾಗಾದರೆ ಮಾಡಬೇಕಾದದ್ದೇನು? ಪಹಣಿಯಲ್ಲಿ ಒಂದು ಅಂಕಣ. ಇದು ಅಸಾಧ್ಯವೂ ಅಲ್ಲ, ಹೊಸದೂ ಅಲ್ಲ. ನೆರೆಯ ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿ ಹೊಲದ ಸ್ಥಳೀಯ ಹೆಸರಿಗೆಂದೇ ಒಂದು ಜಾಗವಿದೆ. ಅಲ್ಲಿ ಅದನ್ನು ಎಲ್ಲ ಕಡೆಯೂ ಶ್ರದ್ಧೆಯಿಂದ ತುಂಬುತ್ತಾರೆಂದು ನಾನು ಹೇಳಲಾರೆ; ಆದರೆ ನೆಲಕ್ಕೊಂದು ಹೆಸರಿರುತ್ತದೆಂಬುದನ್ನು ಆ ನಮೂನೆ ಒಪ್ಪಿಕೊಂಡಿದೆ. ಇಂಗ್ಲೆಂಡಿನಲ್ಲಿ 1923ರಲ್ಲಿ ಸ್ಥಾಪನೆಯಾದ ಸ್ಥಳನಾಮ ಸಂಘ ಒಂದೊಂದು ಕೌಂಟಿಗೂ ಸಂಪುಟಗಳನ್ನು ತರುತ್ತ, ಅವುಗಳಲ್ಲಿ ಹೊಲಗಳ ಹೆಸರುಗಳನ್ನೂ ಸೇರಿಸುತ್ತ ಬಂದಿದೆ. ಹನ್ನೊಂದನೆಯ ಶತಮಾನದ ಹೊಲದ ಎಲ್ಲೆಯನ್ನು ಕಲ್ಲಿನಲ್ಲಿ ಬರೆದಿಟ್ಟ ನಾಡು ಇಪ್ಪತ್ತೊಂದನೆಯ ಶತಮಾನದಲ್ಲಿ ಹೆಸರಿಗೊಂದು ಅಂಕಣ ಕೊಡಲಾರದೇ?

ರೈತನಿಗೆ ಬೇಕಾದದ್ದು ನೀರು ಮತ್ತು ಬೆಲೆ, ಹೆಸರಲ್ಲ ಎನ್ನುವವರಿದ್ದಾರೆ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭರತ ಹುಣ್ಣಿಮೆಯ ಬಳಿಕ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ವಾಕ್ಯದ ಕಾರಣಿಕಕ್ಕೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುವ ಸೀಮೆ ಇದು. ಅಲ್ಲಿ ಅವರು ಕಿವಿಗೊಟ್ಟು ಆಲಿಸುವುದು ಮಳೆ ಬೆಳೆ ಹೇಗಾಗುವುದೆಂದು. ಆದರೆ ನೀರಿನ ಪ್ರಶ್ನೆಯೇ ಹೆಸರಿನ ಪ್ರಶ್ನೆಯೂ ಹೌದು. ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆ ಬಂದಿದೆ, ಬರಬೇಕಾದದ್ದೇ. ಕೊಳವೆಯಿಂದ ಬಂದ ನೀರು ಕೆರೆಯನ್ನು ತುಂಬಬಲ್ಲುದು, ಕೆರೆಗೆ ಸಹಜವಾಗಿ ನೀರು ತರುತ್ತಿದ್ದ ಹಳ್ಳ ಕಾಲುವೆಗಳನ್ನು ಮರುಕಳಿಸಲಾರದು. ಆ ಹಾದಿಗಳು ಎಲ್ಲಿದ್ದವೆಂಬುದನ್ನು ಹೊಲದ ಹೆಸರುಗಳು ಹೇಳುತ್ತವೆ. ಕಾಲುವೆಹೊಲ, ಮಡುವಿನ ಹೊಲ, ತೂಬಿನ ಕೆಳಗಿನ ಹೊಲ ಎಂಬ ಹೆಸರುಳ್ಳ ಒಣನೆಲ ಕಂಡರೆ ಅಲ್ಲಿ ಒಂದು ಕಾಲಕ್ಕೆ ನೀರು ಹರಿದಿತ್ತೆಂದು ಎಂಜಿನಿಯರು ತಿಳಿಯಬಹುದು. ಹತ್ತಾರು ಸಾವಿರ ರೂಪಾಯಿ ಸುರಿದು ಕೊಳವೆಬಾವಿ ಕೊರೆಸಿ ಕಲ್ಲಿನ ಪುಡಿ ಕಂಡ ರೈತನಿಗೆ ಇದು ಬರಿಯ ಸಾಹಿತ್ಯವಲ್ಲ.

ಇನ್ನೊಂದು ಅಪಾಯವಿದೆ, ಅದನ್ನು ನಮ್ಮವರಿಗೇ ಹೇಳಬೇಕಾಗಿದೆ. ಬಸ್ತಿಹೊಲ ಎಂಬ ಹೆಸರು ಸಿಕ್ಕೊಡನೆ, ಅದು ನಮ್ಮದಾಗಿತ್ತು, ಮರಳಿ ಬರಬೇಕು ಎನ್ನುವ ಉತ್ಸಾಹಿಗಳು ಎಲ್ಲ ಮತಗಳಲ್ಲಿಯೂ ಈಗ ಹೆಚ್ಚಾಗಿದ್ದಾರೆ. ಅಂಥ ಒಂದು ಮಾತು ಊರಿಗೆ ಬಿದ್ದರೆ ಸಾಕು, ಮರುದಿನದಿಂದ ಯಾವ ರೈತನೂ ಯಾವ ವಿದ್ವಾಂಸನಿಗೂ ಹೊಲದ ಹೆಸರು ಹೇಳುವುದಿಲ್ಲ, ಹೇಳಬಾರದು ಕೂಡ. ಆ ನೆಲವನ್ನು ಬರಗಾಲಗಳಲ್ಲಿ ಬಿಟ್ಟುಹೋಗದೆ ಉತ್ತವನದು ಅದು. ಬಸದಿಯ ಹೆಸರನ್ನು ನಾವು ಮರೆತಿದ್ದಾಗ ಅದರ ಅರ್ಥವನ್ನರಿಯದೆಯೇ ಕಾಪಾಡಿದವನೂ ಅವನೇ. ಹೆಸರನ್ನು ಬರೆದುಕೊಳ್ಳಲು ಹೋಗುವವನು ಇದನ್ನು ಅವನೆದುರು ಬಾಯಿಬಿಟ್ಟು ಹೇಳಿಯೇ ಕಾಗದ ತೆಗೆಯಬೇಕು. ಎರಡನೆಯ ಅಪಾಯ ನಿಧಿಗಳ್ಳರದು. ಹಳೆಯ ಗುಡಿ, ಹಳೆಯ ಕಲ್ಲು ಎಂದರೆ ಅಗೆಯುವ ಕಾಯಿಲೆ ಈ ಸೀಮೆಯನ್ನು ಬಿಟ್ಟಿಲ್ಲ. ಮೇಲೆ ಊರಿನ ಹೆಸರನ್ನು ಮರೆಮಾಡಿದ್ದು ಅದಕ್ಕಾಗಿ. ಕಲ್ಲುಗಳ ನೆಲೆಯನ್ನು ಇಲಾಖೆಯ ಕಡತದಲ್ಲಿಡಬೇಕು, ಬಹಿರಂಗಪಡಿಸಬಾರದು. ಹೊಲದ ಹೆಸರನ್ನು ಮಾತ್ರ ಪಹಣಿಗೆ ಸೇರಿಸಬಹುದು.

ಸರ್ಕಾರದ ಅಂಕಣ ಯಾವಾಗ ಬರುವುದೋ ತಿಳಿಯದು. ಅದಕ್ಕಾಗಿ ಕಾಯಬೇಕಾಗಿಲ್ಲ. ಚಿಗಟೇರಿ ಹೋಬಳಿಯೊಂದನ್ನೇ ತೆಗೆದುಕೊಂಡರೂ ಸಾಕು. ಊರಿಗೊಬ್ಬ ಮೇಷ್ಟ್ರು, ಹತ್ತು ಹುಡುಗ ಹುಡುಗಿಯರು, ಗ್ರಾಮನಕ್ಷೆಯ ಒಂದು ಪ್ರತಿ. ಪ್ರತಿ ಸರ್ವೆ ನಂಬರಿನ ಮುಂದೆ ಹೊಲದ ಹೆಸರು, ಹೆಸರು ಹೇಳಿದವರ ವಯಸ್ಸು, ಅವರು ಹೇಳಿದ ಕಾರಣ. ಹೆಂಗಸರನ್ನು ತಪ್ಪದೆ ಕೇಳಬೇಕು. ಕಳೆ ಕಿತ್ತು, ಬುತ್ತಿ ಹೊತ್ತು ಬದುವಿನ ಮೇಲೆ ನಡೆದವರು ಅವರು. ಗಂಡಸರಿಗೆ ತಿಳಿಯದ ಮೂಲೆಗಳ ಹೆಸರು ಅವರಿಗೆ ತಿಳಿದಿರುತ್ತದೆ. ಕೇಳಿದ ಉಚ್ಚಾರಣೆಯನ್ನು ತಿದ್ದಬಾರದು; ಬಸ್ತಿ ಎಂದರೆ ಬಸ್ತಿ ಎಂದೇ ಬರೆಯಬೇಕು, ಬಸದಿ ಎಂದಲ್ಲ. ಸುಗ್ಗಿ ಮುಗಿದು ಮುಂಗಾರು ಬೀಳುವ ಮುನ್ನಿನ ಎರಡು ತಿಂಗಳು ಇದಕ್ಕೆ ತಕ್ಕ ಕಾಲ. ಆಗ ಹೊಲಗಳು ಬರಿದಾಗಿರುತ್ತವೆ, ಉಳಿದ ಬದುಗಳು ಕಣ್ಣಿಗೆ ಬೀಳುತ್ತವೆ, ಎಂಬತ್ತು ದಾಟಿದವರು ಮಧ್ಯಾಹ್ನದ ಹೊತ್ತು ಗುಡಿಕಟ್ಟೆಯ ನೆರಳಿನಲ್ಲಿ ಸಿಗುತ್ತಾರೆ.